ಸಮಾಧಿಶಿಲೆ ಮತ್ತು ಧ್ವನಿಮುದ್ರಿಕೆ: ತ್ಸೇರೆನ್ಸ್‌ಡೋರ್ಫಿನ ಭಾರತೀಯ ಸೈನಿಕರ ಸಮಾಧಿಗಳ ಜಾನಪದೀಯ ಅಧ್ಯಯನ

1. ಪೀಠಿಕೆ

ಸತ್ತವರನ್ನು ನೆಲದಲ್ಲಿ ಗುರುತಿಸಿ ನೆನೆಯುವ ಕ್ರಮ ಕರ್ನಾಟಕದ ಜನಜೀವನಕ್ಕೆ ಹೊಸದಲ್ಲ. ತುರುಗೋಳಿನಲ್ಲಿ, ಊರಳಿವಿನಲ್ಲಿ, ಗಡಿಕಾಳಗದಲ್ಲಿ ಮಡಿದವನಿಗೆ ವೀರಗಲ್ಲು ನಿಲ್ಲಿಸಿದ, ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಟ್ಟ, ವರ್ಷಕ್ಕೊಮ್ಮೆ ಆ ಕಲ್ಲಿಗೆ ಎಣ್ಣೆ ಎರೆದ ಪರಂಪರೆ ನಮ್ಮದು. ಈ ಪರಂಪರೆಯಲ್ಲಿ ಮೂರು ಸಂಗತಿಗಳು ಒಂದೆಡೆ ಕೂಡಿರುತ್ತವೆ: ಮಡಿದವನು ಕಾದಿದ ನೆಲ, ಅವನ ಹೆಸರನ್ನು ಹೊತ್ತ ಕಲ್ಲು, ಅವನ ಕಥೆಯನ್ನು ಹೇಳಬಲ್ಲ ಊರಿನ ಬಾಯಿ. ಈ ಮೂರೂ ಒಂದಕ್ಕೊಂದು ಸಾಕ್ಷಿ. ಕಲ್ಲಿನ ಅಕ್ಷರ ಸವೆದರೆ ಬಾಯಿಯ ಕಥೆ ಅದನ್ನು ತುಂಬಿಕೊಡುತ್ತದೆ. ಕಥೆ ಮರೆತರೆ ಕಲ್ಲು ನೆನಪಿಸುತ್ತದೆ.

ಆದರೆ ಒಬ್ಬ ಸೈನಿಕ ತನ್ನ ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ, ತನ್ನ ಭಾಷೆ ಅರಿಯದ ಜನರ ನಡುವೆ, ಯುದ್ಧಭೂಮಿಯಲ್ಲಿಯೂ ಅಲ್ಲದೆ ಕೈದಿಯಾಗಿ ಕಾಯಿಲೆಯಿಂದ ಸತ್ತಾಗ ಈ ಮೂರು ಸಂಗತಿಗಳ ಗತಿ ಏನು? ನೆಲ ಒಂದು ದೇಶದ್ದು, ಕಲ್ಲು ನಿಲ್ಲಿಸಿದವರು ಇನ್ನೊಂದು ದೇಶದವರು, ಕಥೆ ಹೇಳಬೇಕಾದವರು ಮತ್ತೊಂದು ದೇಶದಲ್ಲಿರುವವರು. ಹೀಗೆ ಬೇರ್ಪಟ್ಟ ನೆನಪನ್ನು ಜಾನಪದ ಅಧ್ಯಯನವು ಹೇಗೆ ಓದಬೇಕು ಎಂಬುದು ಪ್ರಸ್ತುತ ಪ್ರಬಂಧದ ಪ್ರಶ್ನೆ.

ಇದಕ್ಕಾಗಿ ಇಲ್ಲಿ ಆರಿಸಿಕೊಂಡಿರುವುದು ಜರ್ಮನಿಯ ಬರ್ಲಿನ್ ನಗರದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ, ವ್ಯೂನ್ಸ್‌ಡೋರ್ಫ್ ಪಟ್ಟಣದ ಬಳಿಯಿರುವ ತ್ಸೇರೆನ್ಸ್‌ಡೋರ್ಫ್ ಭಾರತೀಯ ಸಮಾಧಿಭೂಮಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೆರೆಯಲ್ಲಿ ಸತ್ತ 206 ಭಾರತೀಯ ಸೈನಿಕರ ಸಮಾಧಿಗಳು ಇಲ್ಲಿವೆ. ಇದನ್ನೇ ಆರಿಸಲು ವಿಶೇಷ ಕಾರಣವೊಂದಿದೆ. ಈ ಸಮಾಧಿಗಳಿಗೆ ಸಂಬಂಧಿಸಿದ ಶಿಬಿರದಲ್ಲಿಯೇ 1915ರಿಂದ 1918ರ ಅವಧಿಯಲ್ಲಿ ಜರ್ಮನ್ ವಿದ್ವಾಂಸರು ಕೈದಿಗಳ ಹಾಡು, ಕಥೆ, ಮಾತುಗಳನ್ನು ಧ್ವನಿಮುದ್ರಿಸಿಕೊಂಡರು. ಹೀಗೆ ಒಂದೇ ಜನಸಮೂಹದ ಬಗ್ಗೆ ಶಿಲೆ ಮತ್ತು ಧ್ವನಿ ಎಂಬ ಎರಡು ಆಕರಗಳು ಉಳಿದಿರುವುದು ಅಪರೂಪ.

2. ಕೈದಿಗಳು ಮತ್ತು ಅರ್ಧಚಂದ್ರ ಶಿಬಿರ

1914ರ ಸೆಪ್ಟೆಂಬರ್ ಕೊನೆಯಲ್ಲಿ ಲಾಹೋರ್ ಮತ್ತು ಮೀರತ್ ವಿಭಾಗಗಳ ಭಾರತೀಯ ಸೈನಿಕರು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯತೊಡಗಿದರು. ಅಕ್ಟೋಬರಿನಲ್ಲಿಯೇ ಅವರನ್ನು ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ಕಂದಕಗಳಿಗೆ ಕಳುಹಿಸಲಾಯಿತು. ಈಪ್ರ್, ಜಿವಾಂಶಿ, ನ್ಯೂವ್ ಶಪೆಲ್, ಲೋಸ್ ಮೊದಲಾದ ಕಡೆ ಕಾದಾಡಿದ ಈ ಪಡೆಯ ಕಾಲಾಳುಗಳನ್ನು 1915ರ ಕೊನೆಗೆ ಮೆಸೊಪೊಟೇಮಿಯಾಕ್ಕೆ ಸಾಗಿಸಲಾಯಿತು; ಅಶ್ವದಳಗಳು 1918ರವರೆಗೆ ಅಲ್ಲಿಯೇ ಉಳಿದವು. ಯುದ್ಧದ ಒಟ್ಟು ಅವಧಿಯಲ್ಲಿ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೊರದೇಶಗಳಿಗೆ ಹೋದರು. ಸತ್ತವರ ಸಂಖ್ಯೆ ಎಪ್ಪತ್ತು ಸಾವಿರವನ್ನು ಮೀರುತ್ತದೆ.

ಪಶ್ಚಿಮ ರಣರಂಗದಲ್ಲಿ ಜರ್ಮನರಿಗೆ ಸೆರೆಸಿಕ್ಕ ಭಾರತೀಯ ಸೈನಿಕರ ಸಂಖ್ಯೆ ಸುಮಾರು ಒಂದು ಸಾವಿರ. ಇವರಲ್ಲಿ ಗೂರ್ಖರು, ಸಿಖ್ಖರು, ಪಂಜಾಬಿ ಮುಸಲ್ಮಾನರು, ಪಠಾಣರು, ಗಢ್ವಾಲಿಗಳು, ರಜಪೂತರು ಇದ್ದರು. ವಸಾಹತು ಸರ್ಕಾರದ 'ಯೋಧಜಾತಿ' ಎಂಬ ಕಲ್ಪನೆಯಂತೆ ಸೇನಾಭರ್ತಿ ಹೆಚ್ಚಾಗಿ ಉತ್ತರ ಮತ್ತು ವಾಯವ್ಯ ಭಾರತ ಹಾಗೂ ನೇಪಾಳದಿಂದ ನಡೆಯುತ್ತಿದ್ದುದೇ ಇದಕ್ಕೆ ಕಾರಣ. ಈ ಸಮೂಹದ ಬಹುಪಾಲು ಜನ ಅಕ್ಷರಸ್ಥರಲ್ಲ. ರೈತ ಮತ್ತು ಪಶುಪಾಲಕ ಕುಟುಂಬಗಳಿಂದ ಬಂದವರು. ಅಂದರೆ ಮೌಖಿಕ ಪರಂಪರೆಯ ವಾರಸುದಾರರು.

ಇವರನ್ನು ಇರಿಸಿದ ಮುಖ್ಯ ಸ್ಥಳ ವ್ಯೂನ್ಸ್‌ಡೋರ್ಫಿನ ಹಾಲ್ಬ್‌ಮೋಂಡ್‌ಲಾಗರ್, ಎಂದರೆ ಅರ್ಧಚಂದ್ರ ಶಿಬಿರ. ಫ್ರೆಂಚ್ ಸೇನೆಯ ಉತ್ತರ ಆಫ್ರಿಕಾದ ಮುಸಲ್ಮಾನರೂ ಬ್ರಿಟಿಷ್ ಸೇನೆಯ ಭಾರತೀಯರೂ ಇಲ್ಲಿದ್ದರು. ಹತ್ತಿರದ ವೈನ್‌ಬೆರ್ಗ್ ಶಿಬಿರದಲ್ಲಿ ರಷ್ಯನ್ ಸೇನೆಯ ತಾತಾರ ಮೊದಲಾದ ಮುಸಲ್ಮಾನ ಕೈದಿಗಳಿದ್ದರು. 1914ರ ನವೆಂಬರಿನಲ್ಲಿ ಆಟೊಮನ್ ಸುಲ್ತಾನನು ಧರ್ಮಯುದ್ಧ ಘೋಷಿಸಿದ ಮೇಲೆ, ಈ ಕೈದಿಗಳ ಮನವೊಲಿಸಿ ಅವರನ್ನು ತಮ್ಮ ವಸಾಹತು ದೊರೆಗಳ ವಿರುದ್ಧ ತಿರುಗಿಸುವುದು ಜರ್ಮನ್ ಸರ್ಕಾರದ ಉದ್ದೇಶವಾಗಿತ್ತು. 1915ರ ಜುಲೈನಲ್ಲಿ ಶಿಬಿರದಲ್ಲಿ ಮರದ ಮಸೀದಿಯೊಂದನ್ನು ತೆರೆಯಲಾಯಿತು. ಜರ್ಮನಿಯ ನೆಲದಲ್ಲಿ ಪ್ರಾರ್ಥನೆಗೆಂದೇ ಕಟ್ಟಿದ ಮೊದಲ ಮಸೀದಿ ಅದು. ಭಾರತೀಯರಿಗಾಗಿ 'ಹಿಂದೋಸ್ತಾನ್' ಎಂಬ ಪತ್ರಿಕೆಯನ್ನು ಹಿಂದಿ ಮತ್ತು ಉರ್ದುವಿನಲ್ಲಿ ಹೊರಡಿಸಲಾಯಿತು. ವೀರೇಂದ್ರನಾಥ ಚಟ್ಟೋಪಾಧ್ಯಾಯ ಮೊದಲಾದವರಿದ್ದ ಬರ್ಲಿನ್ನಿನ ಭಾರತೀಯ ಸ್ವಾತಂತ್ರ್ಯ ಸಮಿತಿಯ ಸದಸ್ಯರೂ ಕೈದಿಗಳ ನಡುವೆ ಪ್ರಚಾರ ನಡೆಸಿದರು. ಈ ಪ್ರಯತ್ನ ನಿರೀಕ್ಷಿಸಿದ ಫಲ ಕೊಡಲಿಲ್ಲ. ಸೆರೆಯಾಳುಗಳಿಗೆ ಅಡುಗೆ, ಪೂಜೆ, ಹಬ್ಬಗಳ ವಿಷಯದಲ್ಲಿ ದೊರೆತ ಅನುಕೂಲದ ಹಿಂದೆ ರಾಜಕೀಯ ಲೆಕ್ಕಾಚಾರವಿತ್ತು ಎಂಬುದನ್ನು ಮರೆಯುವಂತಿಲ್ಲ.

ಅನುಕೂಲ ಎಷ್ಟೇ ಇದ್ದರೂ ಚಳಿಯನ್ನು ತಡೆಯಲಾಗಲಿಲ್ಲ. ಕ್ಷಯ ಮತ್ತು ಶ್ವಾಸಕೋಶದ ರೋಗಗಳಿಂದ ಕೈದಿಗಳು ಒಬ್ಬೊಬ್ಬರಾಗಿ ಸಾಯತೊಡಗಿದರು. 1917ರಲ್ಲಿ ಭಾರತೀಯ ಮತ್ತು ಉತ್ತರ ಆಫ್ರಿಕಾದ ಕೈದಿಗಳಲ್ಲಿ ಹೆಚ್ಚಿನವರನ್ನು ರುಮೇನಿಯಾಕ್ಕೆ ಸಾಗಿಸಲಾಯಿತು. ಅಷ್ಟರಲ್ಲಿ ಶಿಬಿರದ ಸಮಾಧಿಭೂಮಿ ಬೆಳೆದಿತ್ತು. ಸಾವಿರ ಜನ ಕೈದಿಗಳಿಗೆ ಇನ್ನೂರು ಸಮಾಧಿಗಳು ಎಂಬ ಪ್ರಮಾಣವೇ ಸೆರೆಮನೆಯ ಬದುಕಿನ ಸ್ವರೂಪವನ್ನು ಹೇಳುತ್ತದೆ.

3. ಸಮಾಧಿಭೂಮಿಯ ಚರಿತ್ರೆ

ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಚದುರಿಹೋಗಿದ್ದ ಬ್ರಿಟಿಷ್ ಸೈನಿಕರ ಸಮಾಧಿಗಳನ್ನು ಕೆಲವೇ ದೊಡ್ಡ ಸಮಾಧಿಭೂಮಿಗಳಿಗೆ ಒಗ್ಗೂಡಿಸಲಾಯಿತು. ತ್ಸೇರೆನ್ಸ್‌ಡೋರ್ಫಿನ ಭಾರತೀಯರು ಮಾತ್ರ ತಾವಿದ್ದಲ್ಲಿಯೇ ಉಳಿದರು. ಅವರ ಪಕ್ಕದಲ್ಲಿ ತಾತಾರರು, ಉತ್ತರ ಆಫ್ರಿಕಾದವರು ಮೊದಲಾದ ಇತರ ಕೈದಿಗಳ ಸಮಾಧಿಗಳೂ ಇದ್ದವು. ತಾತಾರ ಕೈದಿಗಳ ಸ್ಮಾರಕಶಿಲೆ ಇಂದಿಗೂ ಅಲ್ಲಿದೆ.

ಈ ಪ್ರದೇಶದ ಭವಿಷ್ಯ ಮಾತ್ರ ಸೈನ್ಯದ ಕೈಯಲ್ಲಿಯೇ ಉಳಿಯಿತು. ಕೈಸರನ ಸೇನೆಯ ತರಬೇತಿ ನೆಲವಾಗಿದ್ದುದು ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಭೂಸೇನೆಯ ಪ್ರಧಾನ ಕಚೇರಿಯಾಯಿತು. 1945ರ ನಂತರ ಪೂರ್ವ ಜರ್ಮನಿಯಲ್ಲಿ ನೆಲೆಗೊಂಡ ಸೋವಿಯತ್ ಸೇನೆಯ ಕೇಂದ್ರವಾಯಿತು. ಸಮಾಧಿಭೂಮಿ ಸೇನಾಭ್ಯಾಸದ ನಿಷಿದ್ಧ ವಲಯದಲ್ಲಿ ಸಿಲುಕಿತು. ನೋಡಿಕೊಳ್ಳಬೇಕಾದವರು ಒಳಗೆ ಹೋಗಲಾಗದ ಸ್ಥಿತಿ ಉಂಟಾಯಿತು.

ಆಗ ನಡೆದ ಒಂದು ಘಟನೆ ಜಾನಪದ ದೃಷ್ಟಿಯಿಂದ ಬಹಳ ಮುಖ್ಯವಾದುದು. ಫ್ರಾನ್ಸಿನ ನ್ಯೂವ್ ಶಪೆಲ್‌ನಲ್ಲಿ, ಪಶ್ಚಿಮ ರಣರಂಗದಲ್ಲಿ ಸತ್ತು ಸಮಾಧಿಯೇ ಇಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕೆತ್ತಿದ ಸ್ಮಾರಕವಿದೆ. ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್ ರೂಪಿಸಿದ ಈ ಸ್ಮಾರಕ 1927ರಲ್ಲಿ ಅನಾವರಣಗೊಂಡಿತು. 1964ರಲ್ಲಿ ಇಲ್ಲಿ ಒಂದು ಕಂಚಿನ ಫಲಕವನ್ನು ಸೇರಿಸಿ, ತ್ಸೇರೆನ್ಸ್‌ಡೋರ್ಫಿನಲ್ಲಿ ಸಮಾಧಿಯಾಗಿದ್ದ 210 ಸೈನಿಕರ ಹೆಸರುಗಳನ್ನು ಬರೆಯಲಾಯಿತು. ಸಮಾಧಿಗಳನ್ನು ನೋಡಿಕೊಳ್ಳುವುದು ಅಸಾಧ್ಯವಾಯಿತೆಂಬುದೇ ಅದಕ್ಕೆ ಕಾರಣ. ಹೀಗೆ ದೇಹ ಪೂರ್ವ ಜರ್ಮನಿಯ ಪೊದೆಗಳಲ್ಲಿ ಉಳಿಯಿತು. ಹೆಸರು ಗಡಿ ದಾಟಿ ಫ್ರಾನ್ಸಿಗೆ ಹೋಯಿತು.

ರಷ್ಯನ್ ಪಡೆಗಳು 1994ರಲ್ಲಿ ವ್ಯೂನ್ಸ್‌ಡೋರ್ಫಿನಿಂದ ಹೊರಟುಹೋದವು. ಅನಂತರ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವು ಸ್ಥಳವನ್ನು ಮತ್ತೆ ಗುರುತಿಸಿ, ತೆರವುಗೊಳಿಸಿ, ಹೊಸ ಶಿಲೆಗಳನ್ನು ನಿಲ್ಲಿಸಿತು. 2005ರಲ್ಲಿ ಸಮಾಧಿಭೂಮಿ ಪುನಃ ಲೋಕಾರ್ಪಣೆಗೊಂಡಿತು. ಹೆಸರುಗಳು ನಾಲ್ಕು ದಶಕಗಳ ಮೇಲೆ ದೇಹಗಳ ಬಳಿಗೆ ಹಿಂದಿರುಗಿದವು. ಕಂಚಿನ ಫಲಕದಲ್ಲಿ 210, ಇಂದಿನ ಸಮಾಧಿಭೂಮಿಯ ಲೆಕ್ಕದಲ್ಲಿ 206 ಎಂಬ ಅಂತರವು, ಕಲ್ಲಿನಲ್ಲಿ ಕೊರೆದದ್ದೆಲ್ಲ ಕೊನೆಯ ಮಾತಲ್ಲ ಎಂಬುದನ್ನು ಸಂಶೋಧಕರಿಗೆ ನೆನಪಿಸುತ್ತದೆ.

4. ಶಿಲೆಯ ವ್ಯಾಕರಣ

ಇಂದು ಕಾಣುವ ಶಿಲೆಗಳ ಸ್ವರೂಪವನ್ನು ನಿರ್ಧರಿಸಿದ್ದು 1917ರಲ್ಲಿ ಸ್ಥಾಪನೆಯಾದ ಸಾಮ್ರಾಜ್ಯ ಯುದ್ಧಸಮಾಧಿ ಆಯೋಗ. ಇದರ ಹಿಂದಿನ ಮುಖ್ಯ ಪ್ರೇರಣೆ ಫೇಬಿಯನ್ ವೇರ್. ಬ್ರಿಟಿಷ್ ಮ್ಯೂಸಿಯಮ್ಮಿನ ಫ್ರೆಡರಿಕ್ ಕೆನ್ಯನ್ 1918ರಲ್ಲಿ ಸಲ್ಲಿಸಿದ ವರದಿಯು ಇದಕ್ಕೆ ತಳಹದಿ. ಸತ್ತವರ ದೇಹವನ್ನು ಸ್ವದೇಶಕ್ಕೆ ಒಯ್ಯಬಾರದು. ಪ್ರತಿಯೊಬ್ಬನ ಹೆಸರೂ ಶಿಲೆಯಲ್ಲಿಯೋ ಸ್ಮಾರಕದಲ್ಲಿಯೋ ಇರಬೇಕು. ಅಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಒಂದೇ ಅಳತೆಯ ಕಲ್ಲು ಇರಬೇಕು ಎಂಬುವು ಅದರ ಮೂಲತತ್ತ್ವಗಳು. ಕಲ್ಲಿನ ಎತ್ತರ ಸುಮಾರು 81 ಸೆಂ.ಮೀ., ಅಗಲ 38 ಸೆಂ.ಮೀ. ಅದರ ಮೇಲೆ ದಳದ ಲಾಂಛನ, ಸೇನಾ ಸಂಖ್ಯೆ, ಹುದ್ದೆ, ಹೆಸರು, ಸತ್ತ ದಿನಾಂಕ, ಧರ್ಮದ ಚಿಹ್ನೆ ಇರುತ್ತವೆ.

ಈ ಶಿಲೆಯನ್ನು ನಮ್ಮ ವೀರಗಲ್ಲಿನ ಪಕ್ಕದಲ್ಲಿರಿಸಿ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಒಯ್ಯುವ ದೃಶ್ಯ, ಮೇಲೆ ಕೈಲಾಸ ಇರುತ್ತದೆ. ಅದೊಂದು ಕಥನ, ಸಾವಿನ ಕಾರಣದಿಂದ ಆರಂಭವಾಗಿ ಸಾವಿನ ಸಾರ್ಥಕತೆಯಲ್ಲಿ ಮುಗಿಯುತ್ತದೆ. ಯುದ್ಧಸಮಾಧಿಯ ಶಿಲೆಯಲ್ಲಿ ಕಥನವಿಲ್ಲ. ಯಾಕೆ ಸತ್ತ, ಹೇಗೆ ಸತ್ತ, ಸತ್ತು ಎಲ್ಲಿಗೆ ಹೋದ ಎಂಬುದನ್ನು ಅದು ಹೇಳುವುದಿಲ್ಲ. ಕಂದಕದಲ್ಲಿ ಗುಂಡಿಗೆ ಬಲಿಯಾದವನಿಗೂ ಶಿಬಿರದ ಆಸ್ಪತ್ರೆಯಲ್ಲಿ ಕ್ಷಯದಿಂದ ಸತ್ತವನಿಗೂ ಕಲ್ಲು ಒಂದೇ. ಸಮಾನತೆ ಅದರ ಗುಣ. ಮೌನ ಅದರ ಬೆಲೆ.

ಬ್ರಿಟಿಷ್ ಸೈನಿಕರ ಕುಟುಂಬಗಳಿಗೆ ಶಿಲೆಯ ಕೆಳಭಾಗದಲ್ಲಿ 66 ಅಕ್ಷರಗಳಿಗೆ ಮೀರದ ಒಂದು ಸಾಲನ್ನು ತಾವೇ ಆರಿಸಿ ಬರೆಸುವ ಅವಕಾಶವಿತ್ತು. ತಾಯಿ, ಹೆಂಡತಿ, ತಂದೆಯರ ದುಃಖ ಆ ಸಾಲುಗಳಲ್ಲಿ ಇಂದಿಗೂ ಓದಸಿಗುತ್ತದೆ. ಭಾರತೀಯ ಸೈನಿಕರ ಶಿಲೆಗಳಲ್ಲಿ ಸಾಮಾನ್ಯವಾಗಿ ಇರುವುದು ಧರ್ಮಾನುಸಾರವಾಗಿ ನಿಗದಿಪಡಿಸಿದ ವಾಕ್ಯ: ಹಿಂದೂಗಳಿಗೆ ದೇವನಾಗರಿಯಲ್ಲಿ, ಸಿಖ್ಖರಿಗೆ ಗುರುಮುಖಿಯಲ್ಲಿ, ಮುಸಲ್ಮಾನರಿಗೆ ಅರಬ್ಬಿಯಲ್ಲಿ. ಮನೆಯವರ ಮಾತಿಗೆ ಅಲ್ಲಿ ಜಾಗ ದೊರೆಯಲಿಲ್ಲ. ಇವರು ತಮ್ಮ ಕಲ್ಲಿನ ಮೇಲೆ ಒಬ್ಬ ಮಗನಾಗಿ, ಗಂಡನಾಗಿ ಅಲ್ಲದೆ ಒಂದು ಧರ್ಮದ ಸದಸ್ಯನಾಗಿ ಮಾತ್ರ ಕಾಣಿಸಿಕೊಳ್ಳುತ್ತಾರೆ.

ದಹನವೇ ರೂಢಿಯಾಗಿದ್ದ ಸಮುದಾಯಗಳ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಇಂಗ್ಲೆಂಡಿನ ಬ್ರೈಟನ್ ಬಳಿ, ಆಸ್ಪತ್ರೆಯಲ್ಲಿ ಸತ್ತ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ದಹನ ಮಾಡಿದ ಗುಡ್ಡದ ಮೇಲೆ 1921ರಲ್ಲಿ 'ಛತ್ರಿ' ಎಂಬ ಸ್ಮಾರಕ ಎದ್ದಿತು. ಅದರ ಮೇಲೆ ಅವರ ಹೆಸರುಗಳಿರಲಿಲ್ಲ. ಹೆಸರುಗಳನ್ನು ಕೆತ್ತಿದ ಗೋಡೆ ಪಕ್ಕದಲ್ಲಿ ಎದ್ದದ್ದು 2010ರಲ್ಲಿ. ಸಮಾಧಿಯ ಕಲ್ಪನೆಯಿಂದ ಹುಟ್ಟಿದ ಸ್ಮಾರಕಪದ್ಧತಿಯು ಬೂದಿಯಾಗಿ ಹರಿದುಹೋದ ದೇಹವನ್ನು ಎಲ್ಲಿ ಗುರುತಿಸಬೇಕೆಂದು ತಿಳಿಯದೆ ತಡವರಿಸಿದುದರ ನಿದರ್ಶನವಿದು. ಹೂಳುವ ಹಾಗೂ ಸುಡುವ ಎರಡೂ ಪದ್ಧತಿಗಳು ಅಕ್ಕಪಕ್ಕದ ಮನೆಗಳಲ್ಲಿಯೇ ನಡೆದುಬಂದಿರುವ, ಗದ್ದುಗೆಯೂ ಅಸ್ಥಿವಿಸರ್ಜನೆಯೂ ಒಂದೇ ಊರಿನಲ್ಲಿರುವ ಕರ್ನಾಟಕದ ಓದುಗರಿಗೆ ಈ ತೊಡಕು ಬೇಗ ಅರ್ಥವಾಗುತ್ತದೆ.

ಸಮಾನತೆಯ ತತ್ತ್ವ ಎಲ್ಲೆಡೆ ಪಾಲನೆಯಾಗಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಇರಾಕಿನ ಬಸ್ರಾದಲ್ಲಿ 1929ರಲ್ಲಿ ಅನಾವರಣಗೊಂಡ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಮತ್ತು ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಲಾಯಿತು. ಮೂವತ್ತು ಸಾವಿರಕ್ಕೂ ಹೆಚ್ಚಿನ ಭಾರತೀಯ ಸಾಮಾನ್ಯ ಸೈನಿಕರನ್ನು ಮಾತ್ರ ದಳವಾರು ಸಂಖ್ಯೆಯಾಗಿ ನಮೂದಿಸಲಾಯಿತು. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವು 2021ರಲ್ಲಿ ಪ್ರಕಟಿಸಿದ ತನ್ನದೇ ವಿಶೇಷ ಸಮಿತಿಯ ವರದಿಯಲ್ಲಿ ಈ ಬಗೆಯ ಅಸಮಾನತೆಯನ್ನು ಒಪ್ಪಿಕೊಂಡು ಕ್ಷಮೆ ಯಾಚಿಸಿತು. ಏಷ್ಯಾ, ಆಫ್ರಿಕಾಗಳ ಕನಿಷ್ಠ 1,16,000 ಜನ ಹೆಸರಿನಿಂದ ಸ್ಮರಿಸಲ್ಪಟ್ಟಿಲ್ಲ ಅಥವಾ ಸ್ಮರಿಸಲ್ಪಟ್ಟೇ ಇಲ್ಲ, ಈ ಸಂಖ್ಯೆ ಮೂರೂವರೆ ಲಕ್ಷದವರೆಗೂ ಇರಬಹುದು ಎಂಬುದು ಆ ವರದಿಯ ಅಂದಾಜು.

ಕ್ರಿ.ಶ. 949ರ ಸುಮಾರಿನ ಆತಕೂರು ಶಾಸನವನ್ನು ಇಲ್ಲಿ ನೆನೆಯುವುದು ಅನುಚಿತವಾಗಲಾರದು. ಕಾಡುಹಂದಿಯೊಡನೆ ಹೋರಾಡಿ ಸತ್ತ ಒಂದು ಬೇಟೆನಾಯಿಯ ನೆನಪಿಗೆ ನಿಂತ ಕಲ್ಲು ಅದು. ನಾಯಿಯ ಹೆಸರು ಕಾಳಿ ಎಂದು ಅದರಲ್ಲಿ ಬರೆದಿದೆ. ಸಾವಿರ ವರ್ಷಗಳ ಹಿಂದೆ ಒಂದು ನಾಯಿಗೆ ದೊರೆತ ಹೆಸರಿನ ಗೌರವ, ಇಪ್ಪತ್ತನೆಯ ಶತಮಾನದಲ್ಲಿ ಬಸ್ರಾದ ಸಿಪಾಯಿಗೆ ದೊರೆಯಲಿಲ್ಲ. ತ್ಸೇರೆನ್ಸ್‌ಡೋರ್ಫಿನವರು ಆ ಮಟ್ಟಿಗೆ ಅದೃಷ್ಟವಂತರು, ಹೆಸರಾದರೂ ಉಳಿಯಿತು.

ಮೈಸೂರು ಸಂಸ್ಥಾನಕ್ಕೂ ಈ ಯುದ್ಧದ ನೆನಪಿನಲ್ಲಿ ಪಾಲಿದೆ. ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ರಂಗದಲ್ಲಿ ಸೇವೆ ಸಲ್ಲಿಸಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾ ನಗರವನ್ನು ಗೆದ್ದುಕೊಂಡಿತು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿರುವ ಸ್ತಂಭ ಅದರ ಸ್ಮಾರಕ. ಅಲ್ಲಿ ವಿಜಯದ ಕಥೆಯಿದೆ, ತವರಿನಲ್ಲಿ ಕಲ್ಲಿದೆ, ವರ್ಷಕ್ಕೊಮ್ಮೆ ನೆನೆಯುವವರಿದ್ದಾರೆ. ಸೆರೆಯಲ್ಲಿ ಸತ್ತವರಿಗೆ ವಿಜಯದ ಕಥೆಯಿಲ್ಲ. ಅವರ ನೆನಪು ಉಳಿಯುವ ದಾರಿಯೂ ಬೇರೆ.

5. ಶಿಬಿರದ ಧ್ವನಿಮುದ್ರಿಕೆಗಳು

1915ರಲ್ಲಿ ಪ್ರಷ್ಯಾ ಸರ್ಕಾರದ ಆಶ್ರಯದಲ್ಲಿ ಧ್ವನಿಮುದ್ರಣ ಆಯೋಗವೊಂದು ರಚಿತವಾಯಿತು. ಮನಶ್ಶಾಸ್ತ್ರಜ್ಞ ಕಾರ್ಲ್ ಶ್ಟುಂಫ್ ಅಧ್ಯಕ್ಷರು. ಭಾಷಾಶಿಕ್ಷಕ ವಿಲ್ಹೆಲ್ಮ್ ಡ್ಯೋಗೆನ್ ಕಾರ್ಯನಿರ್ವಾಹಕರು. ಸುಮಾರು ಮೂವತ್ತು ಜನ ವಿದ್ವಾಂಸರು ಸದಸ್ಯರು. ಭಾರತೀಯ ಭಾಷೆಗಳ ಹೊಣೆ ಸಂಸ್ಕೃತ ವಿದ್ವಾಂಸ ಹೈನ್ರಿಶ್ ಲ್ಯೂಡರ್ಸ್ ಮೊದಲಾದವರದು. ಯುದ್ಧ ಮುಗಿಯುವ ವೇಳೆಗೆ ಸುಮಾರು 250 ಭಾಷೆ, ಉಪಭಾಷೆಗಳ 1,650 ಗ್ರಾಮಫೋನ್ ಮುದ್ರಿಕೆಗಳೂ ಗೆಯೋರ್ಗ್ ಶ್ಯೂನೆಮಾನ್ ಸಂಗ್ರಹಿಸಿದ ಸಾವಿರಕ್ಕೂ ಹೆಚ್ಚು ಮೇಣದ ಉರುಳೆಗಳೂ ಸಿದ್ಧವಾಗಿದ್ದವು. ಗ್ರಾಮಫೋನ್ ಮುದ್ರಿಕೆಗಳು ಇಂದು ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿಸಂಗ್ರಹಾಲಯದಲ್ಲಿಯೂ, ಮೇಣದ ಉರುಳೆಗಳು ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೆ 1999ರಲ್ಲಿ ಸೇರಿದ ಬರ್ಲಿನ್ ಫೋನೋಗ್ರಾಂ ಸಂಗ್ರಹದಲ್ಲಿಯೂ ಇವೆ.

ಸಂಗ್ರಹದ ವಿಧಾನ ಗಮನಾರ್ಹವಾದುದು. ಪ್ರತಿಯೊಬ್ಬ ವಕ್ತೃವಿನ ಹೆಸರು, ಹುಟ್ಟಿದ ಊರು, ವಯಸ್ಸು, ಧರ್ಮ, ಕಸುಬು, ತಿಳಿದ ಭಾಷೆಗಳು, ಓದುಬರಹ ಬಲ್ಲನೇ, ಹಾಡಬಲ್ಲನೇ ಎಂಬ ವಿವರಗಳನ್ನು ಒಂದು ಹಾಳೆಯಲ್ಲಿ ತುಂಬಲಾಗುತ್ತಿತ್ತು. ಹೇಳಬೇಕಾದುದನ್ನು ಮೊದಲೇ ಬರೆದುಕೊಂಡು, ಅಭ್ಯಾಸ ಮಾಡಿಸಿ, ಬಳಿಕ ಕೊಳವೆಯ ಮುಂದೆ ನಿಲ್ಲಿಸಿ ಹೇಳಿಸಲಾಗುತ್ತಿತ್ತು. ಜಾನಪದ ಕ್ಷೇತ್ರಕಾರ್ಯದ ಪಾಠಗಳಲ್ಲಿ ನಾವು ವಕ್ತೃವಿನ ವಿವರಗಳೆಂದು ಕಲಿಸುವ ಬಹುತೇಕ ಅಂಶಗಳು ಆ ಹಾಳೆಯಲ್ಲಿವೆ. ಇಲ್ಲದಿರುವುದು ಒಂದೇ: ಒಪ್ಪಿಗೆ. ಮುಳ್ಳುತಂತಿಯ ಒಳಗಿರುವವನು ಹಾಡಲಾರೆನೆಂದು ಹೇಳುವ ಸ್ಥಿತಿಯಲ್ಲಿರಲಿಲ್ಲ. ಯುದ್ಧಕೈದಿಗಳ ಶಿಬಿರಗಳಲ್ಲಿ ಮಾನವಶಾಸ್ತ್ರಜ್ಞರು ಕೈದಿಗಳ ತಲೆ, ಮೂಗುಗಳ ಅಳತೆಯನ್ನೂ ತೆಗೆದುಕೊಂಡರು. ಸಿಖ್ ಕೈದಿಗಳ ಅಳತೆಗಳನ್ನಾಧರಿಸಿ ಎಗೊನ್ ಫಾನ್ ಐಕ್‌ಸ್ಟೆಟ್ ತನ್ನ ಜನಾಂಗಶಾಸ್ತ್ರದ ಪ್ರಬಂಧ ಬರೆದನು. ಆ ಬಗೆಯ ವಿದ್ಯೆ ಮುಂದೆ ಜರ್ಮನಿಯನ್ನು ಎಲ್ಲಿಗೆ ಒಯ್ಯಿತೆಂಬುದು ಚರಿತ್ರೆಗೆ ಗೊತ್ತಿದೆ.

ಆಯೋಗಕ್ಕೆ ಬೇಕಾಗಿದ್ದುದು ಭಾಷೆಯ ಮಾದರಿ. ಬ್ರಿಟಿಷ್ ಕೈದಿಗಳ ಪ್ರಾಂತಭೇದಗಳನ್ನು ಹಿಡಿಯಲು ಬೈಬಲ್ಲಿನ ದಾರಿತಪ್ಪಿದ ಮಗನ ಸಾಮತಿಯನ್ನು ಹೇಳಿಸಿದುದುಂಟು. ಗ್ರಿಯರ್ಸನ್ ನಡೆಸಿದ ಭಾರತದ ಭಾಷಾ ಸಮೀಕ್ಷೆಯೂ ಇದೇ ಕಥೆಯನ್ನು ಮಾದರಿಯಾಗಿ ಬಳಸಿತ್ತು. 1906ರಲ್ಲಿ ಪ್ರಕಟವಾದ ಅದರ ನಾಲ್ಕನೆಯ ಸಂಪುಟದಲ್ಲಿ ಕನ್ನಡದ ಮಾದರಿಗಳೂ ಇವೆ. ದೂರದೇಶಕ್ಕೆ ಹೋಗಿ, ಕಷ್ಟಪಟ್ಟು, ತಂದೆಯ ಮನೆಗೆ ಮರಳುವ ಮಗನ ಕಥೆಯನ್ನು ಮರಳುವ ಭರವಸೆಯಿಲ್ಲದ ಕೈದಿಗಳಿಂದ ವ್ಯಾಕರಣಕ್ಕಾಗಿ ಹೇಳಿಸಿದುದರಲ್ಲಿರುವ ವ್ಯಂಗ್ಯ ಆ ವಿದ್ವಾಂಸರ ಗಮನಕ್ಕೆ ಬಂದಂತೆ ತೋರುವುದಿಲ್ಲ.

ಆದರೆ ಭಾಷೆಯ ಮಾದರಿ ಕೊಡಬೇಕಾದ ಕೈದಿಗಳು ಹಲವು ಬಾರಿ ತಮ್ಮ ಬದುಕನ್ನೇ ಹೇಳಿದರು. 1916ರ ಡಿಸೆಂಬರ್ 11ರಂದು ಪಂಜಾಬಿನ ಮಲ್ಲ್ ಸಿಂಗ್ ಎಂಬ ಸಿಪಾಯಿ ಹೇಳಿದ ಮಾತು ಇದಕ್ಕೆ ಪ್ರಸಿದ್ಧ ನಿದರ್ಶನ. ಆತ 'ನಾನು' ಎಂದು ಆರಂಭಿಸುವುದಿಲ್ಲ. ಒಬ್ಬ ಮನುಷ್ಯನಿದ್ದ ಎಂದು ಆರಂಭಿಸುತ್ತಾನೆ. ಆ ಮನುಷ್ಯ ಹಿಂದೂಸ್ತಾನದಲ್ಲಿ ಬೆಣ್ಣೆ ತಿಂದು ಹಾಲು ಕುಡಿದು ಬೆಳೆದವನು, ಇಂಗ್ಲಿಷರ ಕೆಲಸಕ್ಕೆ ಸೇರಿದ, ಯುರೋಪಿನ ಯುದ್ಧಕ್ಕೆ ಬಂದ, ಜರ್ಮನರ ಸೆರೆಯಾದ, ಈಗ ಊರಿಗೆ ಹೋಗಬೇಕೆನ್ನುತ್ತಿದ್ದಾನೆ, ಇನ್ನೆರಡು ವರ್ಷ ಇಲ್ಲಿಯೇ ಇರಬೇಕಾದರೆ ಸತ್ತುಹೋಗುತ್ತಾನೆ, ದೇವರ ದಯೆಯಿಂದ ಸಂಧಿಯಾದರೆ ಹಿಂದಿರುಗುತ್ತೇವೆ. ಇಷ್ಟು ಅದರ ಸಾರ.

ಜನಪದ ಕಥೆಯ ರಚನೆಯನ್ನು ಬಲ್ಲವರಿಗೆ ಇದರ ಒಡಲು ಕೂಡಲೆ ತಿಳಿಯುತ್ತದೆ. 'ಒಂದಾನೊಂದು ಊರಿನಲ್ಲಿ ಒಬ್ಬನಿದ್ದ' ಎಂಬ ಆರಂಭ, ಮನೆಯ ಸಮೃದ್ಧಿ, ಮನೆಬಿಟ್ಟು ಹೊರಡುವುದು, ಬಂಧನ, ಬಿಡುಗಡೆಯ ನಿರೀಕ್ಷೆ: ಕಥೆಯ ಆಶಯಗಳೆಲ್ಲ ಇಲ್ಲಿವೆ. ಇಲ್ಲದಿರುವುದು ಮರಳುವಿಕೆ. ಆ ಜಾಗದಲ್ಲಿ ಪ್ರಾರ್ಥನೆಯಿದೆ. ಪ್ರಥಮ ಪುರುಷದಲ್ಲಿ, ಅಂದರೆ 'ಅವನು' ಎಂದು ಹೊರಟ ನಿರೂಪಣೆ ಕೊನೆಯಲ್ಲಿ 'ನಾವು' ಎಂಬುದಕ್ಕೆ ತಿರುಗುವುದನ್ನು ವಿಶೇಷವಾಗಿ ಗಮನಿಸಬೇಕು. ತನ್ನ ನೋವನ್ನು ಮತ್ತೊಬ್ಬನ ಕಥೆಯೆಂಬಂತೆ ಹೇಳಿ ತಾಳಿಕೊಳ್ಳುವುದು ಮೌಖಿಕ ಪರಂಪರೆಯ ಹಳೆಯ ಉಪಾಯ. ನಮ್ಮ ಬೀಸುವ ಪದಗಳಲ್ಲಿ ಹೆಣ್ಣುಮಕ್ಕಳು ಮಾಡುವುದೂ ಇದನ್ನೇ.

ಇನ್ನೊಂದು ಮುದ್ರಿಕೆಯಲ್ಲಿ ಭವನ್ ಸಿಂಗ್ ಎಂಬ ಕೈದಿ ಪ್ರೇತದ ಬಗ್ಗೆ ಮಾತಾಡುತ್ತಾನೆ. ಸತ್ತವನ ಆತ್ಮ ಅಲೆಯುತ್ತದೆ, ಅದೇ ಪ್ರೇತವಾಗುತ್ತದೆ, ಅದು ಗಾಳಿಯ ಹಾಗೆ, ಎಲ್ಲಿಗೂ ಹೋಗಬಲ್ಲುದು ಎಂಬುದು ಅವನ ವಿವರಣೆ. ಅಕಾಲ ಮರಣ ಹೊಂದಿದವರು, ಸಂಸ್ಕಾರ ದೊರೆಯದವರು ಅಲೆಯುತ್ತಾರೆ ಎಂಬ ನಂಬಿಕೆ ಭಾರತದ ಬಹುಭಾಗದಲ್ಲಿದೆ. ಆದರೆ ಸಂದರ್ಭವನ್ನು ಬಿಟ್ಟು ಪಠ್ಯಕ್ಕೆ ಅರ್ಥವಿಲ್ಲ ಎಂಬುದು ಜಾನಪದ ಅಧ್ಯಯನದ ಮೂಲಪಾಠ. ಸಂಗಾತಿಗಳು ಪರನೆಲದಲ್ಲಿ ಹೂಳಲ್ಪಡುತ್ತಿರುವುದನ್ನು ಕಾಣುತ್ತ, ಮುಳ್ಳುತಂತಿಯ ಒಳಗೆ ನಿಂತವನೊಬ್ಬನು, ಸತ್ತವರು ಎಲ್ಲಿಗೆ ಬೇಕಾದರೂ ಹೋಗಬಲ್ಲರು ಎಂದು ಹೇಳಿದಾಗ ಅದು ಕೇವಲ ನಂಬಿಕೆಯ ಮಾದರಿಯಾಗಿ ಉಳಿಯುವುದಿಲ್ಲ. ಊರು ತಲುಪುವ ಒಂದು ದಾರಿಯನ್ನು ಅದು ಸೂಚಿಸುತ್ತದೆ. ಫಿಲಿಪ್ ಶೆಫ್ನರ್ 2007ರಲ್ಲಿ ತೆಗೆದ ಸಾಕ್ಷ್ಯಚಿತ್ರದಿಂದಾಗಿ ಈ ಎರಡೂ ಧ್ವನಿಗಳು ವಿದ್ವದ್ವಲಯದ ಹೊರಗೂ ಕೇಳಿಬಂದವು.

6. ಊರಿನಲ್ಲಿ ಉಳಿದ ಹಾಡು

ಮೂರನೆಯದು ಊರಿನ ಬಾಯಿ. ಯುದ್ಧಕ್ಕೆ ಹೋದವರ ನೆನಪು ಅವರ ತವರಿನಲ್ಲಿ ಕಲ್ಲಾಗಿ ಅಲ್ಲ, ಪದವಾಗಿ ಉಳಿಯಿತು. ನೇಪಾಳದ ಗುಡ್ಡಗಾಡಿನಲ್ಲಿ ಪರದೇಶದ ಸೇನೆಗೆ ಸೇರಿದವನನ್ನು 'ಲಾಹುರೆ' ಎನ್ನುತ್ತಾರೆ. ಹಿಂದೆ ರಣಜಿತ್ ಸಿಂಗನ ಸೈನ್ಯ ಸೇರಲು ಲಾಹೋರಿಗೆ ಹೋಗುತ್ತಿದ್ದವರಿಂದ ಬಂದ ಮಾತು ಅದು. ಸೈನ್ಯ ಬದಲಾದರೂ ಹೆಸರು ಬದಲಾಗಲಿಲ್ಲ. ಲಾಹುರೆಯ ಅಗಲಿಕೆ ನೇಪಾಳಿ ಜನಪದ ಗೀತೆಗಳ ದೊಡ್ಡ ವಸ್ತು. ಪಂಜಾಬಿನ ಹೆಣ್ಣುಮಕ್ಕಳ ಹಾಡುಗಳಲ್ಲಿ 'ಲಾಮ್' ಎಂಬ ಶಬ್ದ ಯುದ್ಧವನ್ನೂ ಗಂಡನನ್ನು ಕಸಿದುಕೊಂಡ ಸೇನಾಭರ್ತಿಯನ್ನೂ ಒಟ್ಟಿಗೆ ಸೂಚಿಸುತ್ತದೆ. ಈ ಹಾಡುಗಳಲ್ಲಿ ಸಾಮ್ರಾಜ್ಯದ ಗೌರವಕ್ಕಾಗಲಿ ವೀರಸ್ವರ್ಗಕ್ಕಾಗಲಿ ಹೆಚ್ಚಿನ ಸ್ಥಾನವಿಲ್ಲ. ಗಂಡ ಬೇಕು, ಯುದ್ಧ ಬೇಡ ಎಂಬುದೇ ಅವುಗಳ ತಿರುಳು.

ಸಮಾಧಿಶಿಲೆಯ ಮೇಲೆ ಮನೆಯವರಿಗೆ ನಿರಾಕರಿಸಲ್ಪಟ್ಟ 66 ಅಕ್ಷರಗಳ ಸಾಲು ಹೀಗೆ ಬೇರೊಂದು ಕಡೆ, ಬೇರೊಂದು ಮಾಧ್ಯಮದಲ್ಲಿ ತನ್ನನ್ನು ಬರೆದುಕೊಂಡಿತು ಎನ್ನಬಹುದು. ಶಿಲೆಯನ್ನು ಮಾತ್ರ ಓದುವ ಇತಿಹಾಸಕಾರನಿಗೆ ಅದು ಕಾಣುವುದಿಲ್ಲ. ಹಾಡನ್ನು ಮಾತ್ರ ಸಂಗ್ರಹಿಸುವ ಜಾನಪದ ವಿದ್ವಾಂಸನಿಗೆ ಆ ಹಾಡಿನ ಗಂಡು ಎಲ್ಲಿ ಮಲಗಿದ್ದಾನೆಂಬುದು ತಿಳಿಯುವುದಿಲ್ಲ.

7. ಆಕರಗಳ ಕೂಡು ಓದು

ಆದ್ದರಿಂದ ಶಿಲೆ, ಧ್ವನಿ, ಹಾಡು ಈ ಮೂರನ್ನೂ ಎದುರುಬದುರಾಗಿಟ್ಟು ಓದುವುದು ಅಗತ್ಯ. ಯುದ್ಧಸಮಾಧಿಗಳ ದಾಖಲೆಗಳಲ್ಲಿ ಅನೇಕ ಭಾರತೀಯ ಸೈನಿಕರ ತಂದೆಯ ಹೆಸರು, ಹಳ್ಳಿ, ಜಿಲ್ಲೆಗಳ ವಿವರವಿರುತ್ತದೆ. ಧ್ವನಿಮುದ್ರಣದ ಹಾಳೆಯಲ್ಲಿಯೂ ಊರಿನ ಹೆಸರಿದೆ. ಎರಡನ್ನೂ ಹೋಲಿಸಿದರೆ ಹಾಡಿದವರಲ್ಲಿ ಯಾರು ಸಮಾಧಿಯಾದರು, ಸಮಾಧಿಯಾದವರಲ್ಲಿ ಯಾರ ಕೊರಳು ಉಳಿದಿದೆ ಎಂಬುದನ್ನು ಹುಡುಕಬಹುದು. ತೊಡಕು ಇರುವುದು ಕಾಗುಣಿತದಲ್ಲಿ. ಒಂದೇ ಹೆಸರನ್ನು ಇಂಗ್ಲಿಷ್ ಗುಮಾಸ್ತನು ತನ್ನ ಕಿವಿಗೆ ಕೇಳಿದಂತೆ, ಜರ್ಮನ್ ವಿದ್ವಾಂಸನು ತನ್ನ ಕಿವಿಗೆ ಕೇಳಿದಂತೆ ಬರೆದರು. ಆ ಹೆಸರಿನ ಮೂಲ ಉಚ್ಚಾರ ತಿಳಿಯಬೇಕಾದರೆ ಆ ಭಾಷೆಯ, ಆ ಸೀಮೆಯ ಜಾನಪದ ಬಲ್ಲವರೇ ಬೇಕು. ರವಿ ಅಹುಜಾ, ಹೈಕೆ ಲೀಬಾವ್, ಫ್ರಾಂಜಿಸ್ಕಾ ರಾಯ್ ಅವರು 2011ರಲ್ಲಿ ಸಂಪಾದಿಸಿದ ಸಂಪುಟ ಹಾಗೂ ಸಾಂತನು ದಾಸ್ ಅವರ 2018ರ ಕೃತಿ ಈ ದಿಕ್ಕಿನಲ್ಲಿ ಗಟ್ಟಿಯಾದ ನೆಲೆಗಟ್ಟನ್ನು ಹಾಕಿಕೊಟ್ಟಿವೆ.

ಈ ಅಧ್ಯಯನದಿಂದ ನಮ್ಮ ಶಿಸ್ತಿಗೂ ಒಂದು ಪಾಠವಿದೆ. ಸೆರೆಯಾಳುಗಳ ಮೇಲೆ ಬಲವಂತ ಹೇರಿದ ಆ ವಿದ್ವಾಂಸರು ಒಂದು ಕೆಲಸವನ್ನಂತೂ ತಪ್ಪದೆ ಮಾಡಿದರು: ಹೇಳಿದವನ ಹೆಸರು ಮತ್ತು ಊರನ್ನು ಬರೆದಿಟ್ಟರು. ಆ ಒಂದು ಹಾಳೆಯಿಲ್ಲದಿದ್ದರೆ ಮಲ್ಲ್ ಸಿಂಗನು ಇಂದು 'ಪಂಜಾಬಿ ಭಾಷೆಯ ಮಾದರಿ' ಮಾತ್ರವಾಗಿರುತ್ತಿದ್ದನು. ಕನ್ನಡದಲ್ಲಿ ಪ್ರಕಟವಾಗಿರುವ ಹಲವು ಜನಪದ ಗೀತ ಸಂಕಲನಗಳಲ್ಲಿ ಹಾಡು ಇದೆ, ಹಾಡಿದವಳ ಹೆಸರಿಲ್ಲ. ಜಿಲ್ಲೆಯ ಹೆಸರಿದೆ, ಊರಿನದಿಲ್ಲ. ಈ ಲೇಖಕನ ಸಂಶೋಧನ ಕಾಲದ ಧ್ವನಿಸುರುಳಿಗಳಲ್ಲಿಯೂ ಕೆಲವದರ ಮೇಲೆ ದಿನಾಂಕ ಮತ್ತು ಹಾಡಿನ ಪ್ರಕಾರ ಮಾತ್ರ ಬರೆದಿದೆ. ಜಾನಪದಕ್ಕೆ ಕರ್ತೃವಿಲ್ಲ ಎಂಬ ಸಿದ್ಧಾಂತದ ನೆರಳಿನಲ್ಲಿ ವಕ್ತೃವಿನ ಹೆಸರನ್ನೂ ನಾವು ಅನವಶ್ಯವೆಂದು ಬಗೆದುದು ಬಸ್ರಾದ ಸ್ಮಾರಕದ ತಪ್ಪಿಗಿಂತ ಬಹಳ ದೂರದ್ದಲ್ಲ. ಇಂಥ ಹಳೆಯ ಧ್ವನಿಸುರುಳಿಗಳನ್ನು ಗಣಕೀಕರಿಸುವ ಕಾರ್ಯವನ್ನು ಕೈಗೊಳ್ಳುವ ಸಂಸ್ಥೆಗಳು ಮೊದಲು ಮಾಡಬೇಕಾದುದು, ಹಾಡಿದವರ ಹೆಸರನ್ನು ಅವರ ಊರುಗಳಿಗೆ ಹೋಗಿ ವಿಚಾರಿಸಿ ಬರೆದುಕೊಳ್ಳುವುದು. ಬಲ್ಲವರು ಇರುವಾಗಲೇ ಇದು ನಡೆಯಬೇಕು.

8. ಸಮಾರೋಪ

ತ್ಸೇರೆನ್ಸ್‌ಡೋರ್ಫಿನ ಸಮಾಧಿಗಳು ವಿಜಯದ ಸ್ಮಾರಕಗಳಲ್ಲ. ಒಂದು ಸಾಮ್ರಾಜ್ಯ ಯುದ್ಧಕ್ಕೆ ಕಳುಹಿಸಿದ, ಇನ್ನೊಂದು ಸಾಮ್ರಾಜ್ಯ ಪ್ರಚಾರಕ್ಕೆ ಬಳಸಿಕೊಂಡ, ವಿದ್ವತ್ತು ತನ್ನ ಮಾದರಿಗಳಿಗೆ ಉಪಯೋಗಿಸಿದ ಸಾಮಾನ್ಯ ರೈತಮಕ್ಕಳ ಗುರುತುಗಳು ಅವು. ಅವರ ಕಲ್ಲನ್ನು ಯುದ್ಧಸಮಾಧಿ ಆಯೋಗ ನೋಡಿಕೊಳ್ಳುತ್ತಿದೆ. ಶಿಬಿರದ ಧ್ವನಿಗಳನ್ನು ಬರ್ಲಿನ್ನಿನ ಸಂಗ್ರಹಾಲಯ ಕಾಪಾಡಿದೆ. ಅಗಲಿಕೆಯ ಹಾಡುಗಳನ್ನು ಪಂಜಾಬ, ನೇಪಾಳ, ಗಢ್ವಾಲಗಳ ಹಳ್ಳಿಗಳು ಉಳಿಸಿಕೊಂಡಿವೆ. ನಮ್ಮ ಹಿರಿಯರು ಒಂದೇ ವೀರಗಲ್ಲಿನ ಸುತ್ತ ನೆಲ, ಕಲ್ಲು, ಬಾಯಿಗಳನ್ನು ಕೂಡಿಸಿದ್ದರು. ಮೂರು ದೇಶಗಳಲ್ಲಿ ಚದುರಿರುವ ಅವನ್ನು ಮರಳಿ ಕೂಡಿಸುವ ಕೆಲಸ ಈಗ ಸಂಶೋಧಕರದು. ಅದು ಆಗುವವರೆಗೆ ಆ 206 ಕಲ್ಲುಗಳು ಹೆಸರನ್ನು ಮಾತ್ರ ಹೇಳುತ್ತಿರುತ್ತವೆ.